ಕಸ್ತೂರೆಮ್ಮ ಸುತ್ತಿದ ತಂತಿ

ಮಸ್ಕಿ ರಸ್ತೆಯ ಹಳೆಯ ಬನ್ನಿಮರ ಗಾಳಿಗೆ ಬಿದ್ದುಹೋಗಿತ್ತು. ಹಾಗಾಗಿ ದಸರೆಯ ಬೆಳಿಗ್ಗೆ ಸಿಂಧನೂರಿನ ಆ ಓಣಿಯವರ ಕಣ್ಣೆಲ್ಲ ಪಂಪಾಪತಿಯ ಕಟ್ಟೆಯಲ್ಲಿದ್ದ ಕುಂಡದ ಮೇಲೆ ಬಿತ್ತು. ಅದರಲ್ಲಿದ್ದದ್ದೂ ಬನ್ನಿಯೇ. ವರ್ಷಗಟ್ಟಲೆ ಬೇರು ಕತ್ತರಿಸಿ, ಚಿಗುರು ಚಿವುಟಿ, ಮೊಳದುದ್ದಕ್ಕೇ ನಿಲ್ಲಿಸಿದ ಬೋನ್ಸಾಯ್.

ಬೆಳೆಸಿದವಳು ಹೆಂಡತಿ ಕಸ್ತೂರೆಮ್ಮ. ಗಂಡನ ಮೋಟಾರ್ ವೈಂಡಿಂಗ್ ಅಂಗಡಿಯಿಂದ ತಾಮ್ರದ ತಂತಿ ತಂದು, ಒಂದು ಕೊಂಬೆಗೆ ಸುತ್ತಿ, ಕೆಳಕ್ಕೆ ಬಾಗಿಸಿದ್ದಳು. ಅದು ಯುಗಾದಿಯಲ್ಲಿ. ಶ್ರಾವಣದ ಹೊತ್ತಿಗೆ ಅವಳೇ ಇರಲಿಲ್ಲ. ಕೊಂಬೆ ದಪ್ಪವಾದಂತೆ ತಂತಿ ತೊಗಟೆಯೊಳಗೆ ಇಳಿಯತೊಡಗಿತ್ತು. ಬಿಚ್ಚಬೇಕೆಂದು ಪಂಪಾಪತಿಗೂ ಗೊತ್ತು. ಆದರೆ ಆ ಸುತ್ತುಗಳು ಅವಳ ಬೆರಳಿನವು. ಮುಟ್ಟಲು ಹೋದರೆ ಅಳು ಬರುತ್ತಿತ್ತು.

"ಪಂಪಣ್ಣ, ಒಂದ ಎಲಿ ಕೊಡ್ರಿ, ದೇವರ ಮುಂದ ಇಡಾಕ" ಎಂದು ಎದುರುಮನೆಯ ಅಂಬಮ್ಮ ಬಂದಳು. ಹಿಂದೆ ಅವಳ ಸೊಸೆ, ಸೊಸೆಯ ಹಿಂದೆ ಇಡೀ ಓಣಿ. ಒಬ್ಬಳು ಕುಂಕುಮ ಹಚ್ಚಿದಳು, ಇನ್ನೊಬ್ಬಳು ಚೆಂಬುಗಟ್ಟಲೆ ಹಾಲು ಸುರಿದಳು.

"ಹಾಲು ಹಾಕಬ್ಯಾಡ್ರೆವ್ವಾ, ಬೇರು ಕೊಳೀತೈತಿ!" ಎಂದ ಪಂಪಾಪತಿ.

"ಕಸ್ತೂರೆಕ್ಕ ಇದ್ದಿದ್ರ ಹಿಂಗ ಅಂತಿದ್ಲೇನು?" ಎಂದಳು ಅಂಬಮ್ಮ.

ಅಷ್ಟರಲ್ಲಿ ಯಾರದೋ ಬಳೆ ತಂತಿಗೆ ಸಿಕ್ಕಿಕೊಂಡಿತು. "ದೇವರಿಗೆ ಬಿಸಲು ತಡಿಯಂಗಿಲ್ಲ" ಎಂದವನೇ ಪಂಪಾಪತಿ ಕುಂಡವನ್ನು ಕೂಸಿನಂತೆ ಅವಚಿಕೊಂಡು ಒಳಗೆ ಓಡಿದ. ಹಿತ್ತಲಿನಿಂದ ಹೋಗಿ ಪಕ್ಕದ ಮನೆಯ ಖಾಸಿಂಬೀಯ ಕೈಗಿಟ್ಟ. ಬನ್ನಿ ಬೇಡುವವರು ಅಲ್ಲಿಗೆ ಹೋಗಲಾರರು ಎಂಬುದು ಅವನ ಲೆಕ್ಕಾಚಾರ.

"ಸಂಜಿತನಕ ಇಟ್ಕೋ ತಂಗೆಮ್ಮ. ಗಿಡಕ್ಕ ಏನೂ ಆಗಬಾರದು."

"ಫಿಕರ್ ಮಾಡಬ್ಯಾಡ್ರಿ ಅಣ್ಣಾ."

ಸಂಜೆ ಅಂಬಮ್ಮ ನಗುನಗುತ್ತ ಬಂದು ಅವನ ಕೈಗೆ ಎಲೆಯಿಟ್ಟಳು. "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ." ಪಂಪಾಪತಿ ಎಲೆ ನೋಡಿದ. ಅಷ್ಟು ಸಣ್ಣ ಎಲೆಯ ಬನ್ನಿ ಊರಲ್ಲಿ ಒಂದೇ. ಖಾಸಿಂಬೀಯ ಮನೆಗೆ ಓಡಿದ.

ಗಿಡ ಬೋಳಾಗಿ ನಿಂತಿತ್ತು.

"ಅಂಬಮ್ಮ ಹುಡುಕ್ಕೊಂತ ಬಂದ್ಲು ಅಣ್ಣಾ. ಅವರು ಕಿತ್ರ ಕೊಂಬಿ ಮುರೀತಾರಂತ ನಾನ ಬಿಡಿಸಿ ಹಂಚೀನಿ" ಎಂದಳು ಖಾಸಿಂಬೀ.

ಎಲೆ ಹೋದರೆ ಚಿಗುರುತ್ತದೆ ಎಂದು ಪಂಪಾಪತಿ ಸಮಾಧಾನ ಮಾಡಿಕೊಂಡ. ಬಾಗಿದ ಕೊಂಬೆಯನ್ನು ಸವರಿದ. ಬೆರಳಿಗೆ ಬರೀ ತೊಗಟೆಯ ಕಚ್ಚು ತಾಕಿತು.

"ತಂತಿ ಎಲ್ಲೈತಿ?"

"ಬಿಚ್ಚೀನ್ರಿ. ಗುಜರಿ ಬಂಡಿಯವ ಬಂದಿದ್ದ, ಹಾಕಿಬಿಟ್ಟೆ. ಅದಕ್ಕ ಬದಲಿ ಬೆಳ್ಳೊಳ್ಳಿ ಕೊಟ್ಟಾನ, ನಿಮಗೂ ಎತ್ತಿಟ್ಟೀನಿ."

ಜನ್ಮದಲ್ಲಿ ಯಾರನ್ನೂ ಬಯ್ಯದವನು ಬಯ್ಯಲು ಬಾಯಿ ತೆರೆದ. ಖಾಸಿಂಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ದವಾಖಾನ್ಯಾಗ ಅಕ್ಕ ಕೈ ಹಿಡದು ಹೇಳಿದ್ಲು ಅಣ್ಣಾ. 'ದಸರಾಕ್ಕ ಆ ತಂತಿ ಬಿಚ್ಚಬೇಕು, ಇಲ್ಲಂದ್ರ ಕೊಂಬಿ ಸಾಯ್ತೈತಿ. ನಮ್ಮವ್ರ ಕೈಲೆ ಆಗಂಗಿಲ್ಲ, ನೀನ ಬಿಚ್ಚು' ಅಂತ. ನಿಮ್ಮನ್ನ ಹೆಂಗ ಕೇಳ್ಲಿ ಅಂತಿದ್ದೆ. ನೀವ ತಂದು ಕೊಟ್ರಿ."

ಪಂಪಾಪತಿ ಬೋಳು ಗಿಡ ಹೊತ್ತು ತಂದು ಕಟ್ಟೆಯ ಮೇಲೆ ಕೂತ. ಓಣಿಯವರು ಒಬ್ಬೊಬ್ಬರಾಗಿ ಬಂದು, ಅವನ ಗಿಡದ ಎಲೆಗಳನ್ನೇ ಅವನ ಕೈಗಿಟ್ಟು, ಕಾಲು ಮುಟ್ಟಿ ಹೋದರು. ಜೇಬಿನಲ್ಲಿ ಬೆಳ್ಳುಳ್ಳಿ ಇಟ್ಟುಕೊಂಡು ಅವನು ಎಲ್ಲರಿಗೂ "ಬಂಗಾರದಂಗ ಇರ್ರಿ" ಎನ್ನುತ್ತಲೇ ಇದ್ದ. ಕಣ್ಣು ಮಾತ್ರ ಕೊಂಬೆಯ ಮೇಲಿತ್ತು. ತಂತಿ ಹೋದರೂ ಅದು ಅವಳು ಬಾಗಿಸಿದಂತೆಯೇ ನಿಂತಿತ್ತು.