ಪೆರುಮಾಳ್ ಹಾಕಿದ ಹಾರ

ಬಂಗಾರಪೇಟೆಯ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿ ತಿಂಗಳಾದರೂ ಪೆರುಮಾಳನಿಗೆ ಕನ್ನಡದ ಎರಡು ಮಾತು ಪಳಗಿರಲಿಲ್ಲ. ತೆಗೆ, ಹಾಕು. ಬಾಗಿಲು ತೆಗೆದರೆ ತೆರೆಯುತ್ತದೆ, ಲೈಟು ತೆಗೆದರೆ ಆರುತ್ತದೆ. ಲೈಟು ಹಾಕಿದರೆ ಬೆಳಕು, ಬಾಗಿಲು ಹಾಕಿದರೆ ಕತ್ತಲೆ. ಚಿನ್ನದ ಗಣಿಯ ಕೋರಮಂಡಲ್ ಕಾಲೊನಿಯ ತಮಿಳು ಮನೆಯಲ್ಲಿ ಹುಟ್ಟಿದವನು ಎಷ್ಟಂತ ನೆನಪಿಟ್ಟುಕೊಂಡಾನು? ಸಾಲದ್ದಕ್ಕೆ ಕನಸುಗಾರ. ಸ್ಟುಡಿಯೋದ ಪರದೆಯ ಮೇಲೆ ಬರೆದ ನೀಲಿ ಸರೋವರದ ಮುಂದೆ ಕೂತನೆಂದರೆ ಮುಗಿಯಿತು, ಅದರ ಹಂಸದ ಬೆನ್ನೇರಿ ಎಲ್ಲಿಗೋ ತೇಲಿಹೋಗುತ್ತಿದ್ದ.

ಅವತ್ತೂ ತೇಲುತ್ತಿದ್ದಾಗಲೇ ಮಾಲೀಕ ಸುಬ್ರಮಣಿ ಸ್ಕೂಟರ್ ಹತ್ತುತ್ತಾ ಕೂಗಿದ: "ಲೇ ಪೆರುಮಾಳ್, ಬೂದಿಕೋಟೆ ಮುನಿನಾರಾಯಣಪ್ಪೋರು ಡೈರಿ ಎಲೆಕ್ಷನ್ ಗೆದ್ದವ್ರೆ, ಈಗ ಬತ್ತಾರೆ. ಊವಿನಾರ ಆಕಿ ಚೆಂದಾಗಿ ಫೋಟೋ ತೆಗಿ. ನಾನು ಸ್ಟೇಷನ್ ತಾವ ಓಗ್ಬತ್ತೀನಿ."

ಹಂಸದ ಮೇಲಿದ್ದವನ ಕಿವಿಗೆ ಬಿದ್ದದ್ದು ಮೂರೇ: ಮುನಿನಾರಾಯಣಪ್ಪ, ಹಾರ ಹಾಕು, ಫೋಟೋ ತೆಗಿ.

ಶೋಕೇಸಿನಲ್ಲಿ ಅವರದೊಂದು ಹಳೇ ಫೋಟೋ ಇತ್ತು. ಪೆರುಮಾಳ್ ಅದನ್ನು ಜೋಪಾನವಾಗಿ ತೆಗೆದು, ಒರೆಸಿ, ಬಾಗಿಲಲ್ಲೊಂದು ಸ್ಟೂಲಿನ ಮೇಲಿಟ್ಟು ಸುಗಂಧರಾಜದ ಹಾರ ಹಾಕಿದ. ಯಾಕೋ ಬೋಳು ಬೋಳೆನಿಸಿತು. ಎರಡು ಊದುಬತ್ತಿಯನ್ನೂ ಹಚ್ಚಿದ. ಹೊಗೆ ಸುರುಳಿ ಸುರುಳಿಯಾಗಿ ಎದ್ದು ಸರೋವರದ ಮೇಲೆ ಮಂಜಿನಂತೆ ಇಳಿಯಿತು. ಅವನ ಕಣ್ಣು ಎಳೆಯಿತು.

"ಅಯ್ಯೋ ದ್ಯಾವ್ರೇ!" ಪಕ್ಕದ ಹೂವಿನಂಗಡಿ ಗಂಗರತ್ನಮ್ಮ ಬಾಗಿಲಲ್ಲಿ ನಿಂತಿದ್ದಳು. "ಯಾವಾಗ ಓದ್ರು?"

ಮಾಲೀಕರು ಹೋದದ್ದನ್ನು ಕೇಳುತ್ತಿದ್ದಾಳೆ ಅಂದುಕೊಂಡ ಪೆರುಮಾಳ್, "ಇಪ್ಪೋದಾನ್ ಅಕ್ಕಾ, ಈಗ್ಲೇ. ಸ್ಕೂಟರ್‌ನಲ್ಲಿ" ಎಂದ.

"ಸ್ಕೂಟರ್‌ನಾಗಾ!" ಗಂಗರತ್ನಮ್ಮ ಎದೆ ಬಡಿದುಕೊಂಡಳು.

ಅರ್ಧ ಗಂಟೆಯಲ್ಲಿ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ. ಎಲೆಕ್ಷನ್ ಸೋತಿದ್ದ ವಿಜಯಕುಮಾರನೇ ಎಲ್ಲರಿಗಿಂತ ದಪ್ಪದ ಹಾರ ತಂದು ಬಿಕ್ಕಿದ: "ದ್ಯಾವ್ರಂಥ ಮನ್ಸ! ಆಲಿಗೆ ನೀರು ಬೆರೆಸ್ತಾರೆ ಅಂತ ಊರೆಲ್ಲಾ ಸುದ್ದಿ ಅಬ್ಬಿಸ್ದೋನು ನಾನೇ. ಶುದ್ಧ ಸುಳ್ಳು!"

"ಅಂಗಾ ಸಮಾಚಾರ?" ಹಿಂದಿನಿಂದ ದನಿ ಬಂತು.

ಗರಿಗರಿ ಬಿಳಿ ಅಂಗಿಯಲ್ಲಿ ಸಾಕ್ಷಾತ್ ಮುನಿನಾರಾಯಣಪ್ಪ. ವಿಜಯಕುಮಾರ ಹಾರವನ್ನು ತನ್ನ ಕೊರಳಿಗೇ ಹಾಕಿಕೊಂಡು ಓಟ ಕಿತ್ತ. ಜನ ಚೆಲ್ಲಾಪಿಲ್ಲಿಯಾದರು.

ಅಷ್ಟರಲ್ಲಿ ಬಂದಿಳಿದ ಸುಬ್ರಮಣಿ ಹಾರ, ಊದುಬತ್ತಿ ನೋಡಿ ಕಿರುಚಿದ: "ಪೆರುಮಾಳ್! ನಿನ್ನ ಕೆಲ್ಸದಿಂದ ತೆಗ್ದಾಕ್ದೆ!"

ಪೆರುಮಾಳ್ ಕಣ್ಣು ಪಿಳಿಪಿಳಿ ಬಿಟ್ಟ. "ತೆಗ್ದ್ರಾ, ಹಾಕಿದ್ರಾ? ಒಂದು ಹೇಳಿ ಅಣ್ಣಾ."

ಮುನಿನಾರಾಯಣಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬುಡಪ್ಪಾ ಸುಬ್ರಮಣಿ. ಬದುಕಿದ್ದಾಗ ಇಷ್ಟು ಒಳ್ಳೆ ಮಾತು ಯಾರ್ಗೆ ಸಿಕ್ತದೆ? ಲೇ ಪೆರುಮಾಳ್, ನಾಳೆಯಿಂದ ನಮ್ಮಲ್ಲಿಗೆ ಬಂದ್ಬುಡು."

ಡೈರಿ ಅಧ್ಯಕ್ಷರ ಆಫೀಸು, ತಲೆ ಮೇಲೆ ಫ್ಯಾನು, ಮೆತ್ತನೆ ಕುರ್ಚಿ ಪೆರುಮಾಳನ ಕಣ್ಣ ಮುಂದೆ ತೇಲಿದವು.

"ಏನು ಕೆಲಸ ಅಣ್ಣಾ?"

"ಮನೇಲಿ ಎಂಟು ಸೀಮೆ ಅಸ ಅವೆ. ಎರಡೇ ಕೆಲ್ಸ ಕಣ್ಲಾ," ಎಂದರು ಮುನಿನಾರಾಯಣಪ್ಪ. "ಉಲ್ಲು ಆಕೋದು, ಸಗಣಿ ತೆಗೆಯೋದು."