ನಾಲ್ಕು ದಿಕ್ಕಿಗೂ ‘ನಿಲ್ಲಿ’

ಡ್ರಿಲ್ ಮೇಷ್ಟ್ರು ಅಂಜನಕುಮಾರರು ಸೀಟಿ ಊದಿದರೆ ಶಾಲೆಯ ಮೈದಾನವೇ ಗಪ್‌ಚುಪ್ಪಾಗುತ್ತದೆ. ನಿಜಲಿಂಗಪ್ಪ ಬಡಾವಣೆಯ ಅವರ ಮೂಲೆಮನೆ ಎದುರಿನ ನಾಲ್ಕು ರಸ್ತೆ ಕೂಡುವಲ್ಲಿ ಮಾತ್ರ ಒಂದು ಸೈಕಲ್ ಕೂಡ ಅವರ ಮಾತಿಗೆ ನಿಲ್ಲುವುದಿಲ್ಲ. ಅದೇನು ಮಹಾ ಸರ್ಕಲ್ಲಲ್ಲ. ಮಧ್ಯಾಹ್ನ ನಾಯಿಯೊಂದು ನಟ್ಟನಡುವೆ ಮಲಗಿ, ನಿದ್ದೆ ಮುಗಿಸಿ, ಮೈಮುರಿದು ಹೋಗುವಷ್ಟು ನೆಮ್ಮದಿಯ ಜಾಗ. ಆದರೂ ಬರುವವರೆಲ್ಲ ಹಾರ್ನ್ ಹೊಡೆದು, ದೇವರ ಮೇಲೆ ಭಾರ ಹಾಕಿ ನುಗ್ಗುವುದನ್ನು ಕಂಡರೆ ಮೇಷ್ಟ್ರಿಗೆ ಮೈಯೆಲ್ಲ ಉರಿಯುತ್ತಿತ್ತು.

“ನಾಲ್ಕೂ ಕಡೆ ‘ನಿಲ್ಲಿ’ ಅಂತ ಬೋರ್ಡ್ ಹಾಕಿಸ್ತೀನಿ” ಎಂದು ಒಂದು ದಿನ ಘೋಷಿಸಿದರು.

“ರೂಮಿಂದ ಬರುವಾಗ ಫ್ಯಾನ್ ಆಫ್ ಮಾಡ್ರಿ ಅಂದ್ರ ಕೇಳಲ್ಲ, ಊರಿಗೆ ಶಿಸ್ತು ಕಲಿಸ್ತಾರಂತೆ” ಅಂದಳು ಹೆಂಡತಿ ಮೀನಾಕ್ಷಿ.

ಬಡಾವಣೆ ಸಂಘದಲ್ಲಿ ಬೇಕು-ಬ್ಯಾಡಗಳ ಕುರುಕ್ಷೇತ್ರವೇ ನಡೆಯಿತು. ಕೊನೆಗೆ ಅಧ್ಯಕ್ಷರಾದ ಜಮಾಲ್ ಸಾಬ್, “ಭಾನುವಾರ ಒಂದಿನ ರಟ್ಟಿನ ಬೋರ್ಡ್ ಇಟ್ಟು ನೋಡಾಣ. ಸಂಜಿಗೆ ಮೇಷ್ಟ್ರ ಮನ್ಯಾಗ ಕುಂತು ತೀರ್ಮಾನ ಮಾಡಾಣ. ಮಂಡಕ್ಕಿ-ಮಿರ್ಚಿ ಮೀನಾಕ್ಷಕ್ಕಂದು” ಎಂದರು. (ಮೀನಾಕ್ಷಕ್ಕನನ್ನು ಯಾರೂ ಕೇಳಿರಲಿಲ್ಲ.)

ಅದೇ ಭಾನುವಾರ ಹರಿಹರದಲ್ಲಿ ಮೀನಾಕ್ಷಿಯ ಅಣ್ಣನ ಮಗಳು ಕೀರ್ತನಾಳ ನಿಶ್ಚಿತಾರ್ಥ. ಇರುವ ಒಬ್ಬಳೇ ಸೋದರತ್ತೆ ಮೀನಾಕ್ಷಿ. ಮೊದಲ ಉಡಿ ತುಂಬುವ ಹಕ್ಕು ಅವಳದು. ತಡವಾದರೆ ಹುಡುಗಿಯ ದೊಡ್ಡಮ್ಮ ತಟ್ಟೆ ಹಿಡಿದು ಕಾದೇ ಇರುತ್ತಾಳೆ.

“ಮುಹೂರ್ತ ತಪ್ಪಿತು ಅಂದ್ರ ನಾ ತವರುಮನೆಗೆ ಮುಖ ತೋರ್ಸಂಗಿಲ್ಲ, ಹೇಳಿರ್ತೀನಿ!”

“ಹರಿಹರ ಏನು ಕಾಶೀನಾ? ಕಣ್ಣು ಮುಚ್ಚಿ ತೆಗೆಯೋದ್ರಾಗ ಮುಟ್ಟಿಸ್ತೀನಿ, ಕೂಡು” ಎಂದು ಮೇಷ್ಟ್ರು ಸ್ಕೂಟರ್ ಹೊರಡಿಸಿದರು. ಗೇಟು ದಾಟಿದ ಕೂಡಲೇ ತಮ್ಮದೇ ಕೆಂಪಕ್ಷರದ ಬೋರ್ಡಿನೆದುರು ಗಂಭೀರವಾಗಿ ನಿಂತರು. ಎದುರಿನ ಬೋರ್ಡಿಗೆ ಆಟೋ ಓಡಿಸುವ ಕರಿಯಣ್ಣನೂ ನಿಂತಿದ್ದ. ಮೇಷ್ಟ್ರ ಎದೆ ಉಬ್ಬಿತು.

“ಎಲ್ಲಿಗೆ ಹೊಂಟ್ರಿ ಅಕ್ಕಾರೆ?” ಎಂದ ಕರಿಯಣ್ಣ.

ಅಯ್ಯೋ! ಶುಭಕಾರ್ಯಕ್ಕೆ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಹುದೇ? ಕೇಳಿದ ಮೇಲೆ ಮನೆಗೆ ಹಿಂದಿರುಗಿ, ಕೂತು, ನೀರು ಕುಡಿದೇ ಮತ್ತೆ ಹೊರಡಬೇಕು. “ತಿರುಗಿಸ್ರಿ ಗಾಡಿ” ಎಂದಳು ಮೀನಾಕ್ಷಿ. ತಿರುಗಿಸಿದರು. ಬೀಗ ತೆಗೆದರು, ಕೂತರು, ನೀರು ಕುಡಿದರು, ಬೀಗ ಹಾಕಿದರು, ಬಂದು ನಿಂತರು. ಈಗ ಎಡಗಡೆಯಿಂದ ಬೈಕಿನಲ್ಲಿ ಬಂದು ನಿಂತವರು ಜಮಾಲ್ ಸಾಬ್. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಬೀಬಿಜಾನ್.

“ಯಾ ಅಲ್ಲಾ, ಎಂಥ ಚಂದ ಸೀರಿ! ಎಲ್ಲಿಗೆ ಹೊಂಟೀರಿ?”

ಮತ್ತೆ ಬೀಗ, ಮತ್ತೆ ನೀರು. “ಇಷ್ಟು ವರ್ಷ ಸುಮ್ನೆ ಹಾರ್ನ್ ಹೊಡ್ದು ಹೋಗ್ತಿದ್ರು. ಮಾತಾಡಾಕ ಯಾರಿಗೂ ಪುರುಸೊತ್ತು ಇರ್ಲಿಲ್ಲ. ನಿಲ್ಸಿ ಮಾತಾಡಾಕ ಹಚ್ಚಿದೋರು ನೀವೇ” ಎಂದು ಮೀನಾಕ್ಷಿ ಲೋಟ ಕುಕ್ಕಿದಳು. ಮೇಷ್ಟ್ರು ಬಾಯಿ ತುಂಬ ನೀರು ಹಿಡಿದುಕೊಂಡೇ ಬೀಗ ಹಾಕಿದರು.

ಮೂರನೆಯ ಸಲ ಹೊರಟಾಗ ದೂರದಲ್ಲಿ ಉಚ್ಚೆಂಗೆಮ್ಮ ಬರುತ್ತಿರುವುದು ಕಂಡಿತು. ಅವರು ಬಡಾವಣೆಗೇ ಹಿರಿಯ ವಿಚಾರಣಾಧಿಕಾರಿ. ಮುದುಕಿ ಆಗಲೇ ಬಾಯಿ ತೆರೆಯುತ್ತಿದ್ದರು.

“ಹೊಡೀರಿ!” ಎಂದಳು ಮೀನಾಕ್ಷಿ.

ಮೇಷ್ಟ್ರು ಹೊಡೆದರು. ಬೋರ್ಡಿಲ್ಲ, ಬ್ರೇಕಿಲ್ಲ, ಹಾರ್ನೂ ಇಲ್ಲ. ಹೆಂಡತಿಯನ್ನು ಕೂರಿಸಿಕೊಂಡು ಹಾಲು ತಂದು ವಾಪಸಾಗುತ್ತಿದ್ದ ಜಮಾಲ್ ಸಾಬ್ ಮಾತ್ರ ನಿಯಮದಂತೆ ನಿಂತು, ಅತ್ತಿತ್ತ ನೋಡಿ, ‘ಬಿಸ್ಮಿಲ್ಲಾ’ ಎಂದು ಮೆಲ್ಲಗೆ ಮುಂದೆ ಬಂದರು.

ಢಬ್!

ಯಾರಿಗೂ ಪೆಟ್ಟಾಗಲಿಲ್ಲ. ಮೇಷ್ಟ್ರ ಸ್ಕೂಟರಿನ ಮೂತಿ ಸೊಟ್ಟಗಾಯಿತು, ರಸ್ತೆ ತುಂಬ ಹಾಲು ಹರಿಯಿತು, ಉಡಿಯ ತೆಂಗಿನಕಾಯಿ ಉರುಳುತ್ತ ಚರಂಡಿಯ ಅಂಚಿಗೆ ಹೋಯಿತು. ಬೀಬಿಜಾನ್ ಓಡಿ ಹೋಗಿ ಅದನ್ನು ಎತ್ತಿ, ಸೆರಗಿನಲ್ಲಿ ಒರೆಸಿ ಕೊಟ್ಟರು. ಮೀನಾಕ್ಷಿ ಅದನ್ನು ಅವುಚಿಕೊಂಡು, ಅಷ್ಟರಲ್ಲಿ ಸವಾರಿ ಮುಗಿಸಿ ಬಂದು ಬೋರ್ಡಿಗೆ ನಿಂತಿದ್ದ ಕರಿಯಣ್ಣನ ಆಟೋವನ್ನು ಸೀದಾ ಹತ್ತಿದಳು. ಕರಿಯಣ್ಣ ಅಭ್ಯಾಸಬಲದಿಂದ ಬಾಯಿ ತೆರೆದ.

“ಕೇಳಬ್ಯಾಡ ಕರಿಯಣ್ಣ! ಹರಿಹರಕ್ಕ ಹೊಡಿ!”

ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ನಿಶ್ಚಿತಾರ್ಥದ ಊಟ ತಪ್ಪಿಸಿಕೊಂಡ ಮೇಷ್ಟ್ರು ಬಿಸಿಲಿನಲ್ಲಿ ಸ್ಕೂಟರ್ ತಳ್ಳಿಕೊಂಡು ಗ್ಯಾರೇಜಿಗೆ ಹೋದರು.

ಸಂಜೆ ಸಭೆ ಸೇರಿತು. ಮೊದಲ ಉಡಿ ತುಂಬಿ ಗೆದ್ದು ಬಂದ ಮೀನಾಕ್ಷಿ ಒಳಗೆ ಮಿರ್ಚಿ ಕರಿಯುತ್ತಿದ್ದಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, “ಯಾಕೋ ಬೋರ್ಡು ನಮ್ಮ ಏರಿಯಾಕ್ಕೆ ಹೊಂದಲ್ಲ. ಬ್ಯಾಡ ಬಿಡ್ರಿ” ಎಂದರು.

“ಹಂಗಂದ್ರ ಹೆಂಗೆ ಮೇಷ್ಟ್ರೇ?” ಎಂದರು ಜಮಾಲ್ ಸಾಬ್. “ಬೋರ್ಡ್ ಬರೋಬ್ಬರಿ ಕೆಲಸ ಮಾಡೈತೆ. ಇಡೀ ದಿನ ಎಲ್ಲಾರೂ ನಿಂತಾರ.”

“ಒಬ್ರನ್ನ ಬಿಟ್ಟು” ಎಂದ ಕರಿಯಣ್ಣ.

ಮೀನಾಕ್ಷಿ ಮಿರ್ಚಿ ತಟ್ಟೆ ಹಿಡಿದು ಹೊರಬಂದಳು. “ನಾಲ್ಕು ಕಡೆ ಯಾಕ ದಂಡ? ಮೂರು ಕಡೆಯೋರು ಒಳ್ಳೇ ಮಾತ್ನಾಗ ಹೇಳಿದ್ರ ಕೇಳ್ತಾರ. ಒಂದ ಬೋರ್ಡ್ ಸಾಕು. ನಮ್ಮ ಗೇಟಿಗೆ ಎದುರಾಗಿ ಹಾಕ್ಬಿಡ್ರಿ.”

ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು. ಮಿರ್ಚಿ ತಟ್ಟೆ ಎಲ್ಲರ ಮುಂದೆಯೂ ಹಾದು ಮೇಷ್ಟ್ರ ಎದುರು ಬಂದು, ಕೈಗೆ ಎಟುಕದಷ್ಟು ದೂರದಲ್ಲಿ ನಿಂತಿತು. ಬೆಳಿಗ್ಗೆಯಿಂದ ಅವರ ಹೊಟ್ಟೆಗೆ ಬಿದ್ದದ್ದು ಬರೀ ನೀರು. ಮೇಷ್ಟ್ರು ಮೆಲ್ಲಗೆ ಕೈ ಎತ್ತಿದರು.

“ಸರ್ವಾನುಮತ!” ಎಂದು ಜಮಾಲ್ ಸಾಬ್ ಘೋಷಿಸಿದ ಮೇಲೆಯೇ ಮಿರ್ಚಿ ಸಿಕ್ಕಿತು, ಅದೂ ಒಂದೇ.