ಬಾವನ ಆರು ಮುಖದ ತುಂಡುಗಳು

ನಮ್ಮ ಬಾವನನ್ನು ಊಟಕ್ಕೆ ಧಾರಾಳವಾಗಿ ಕರೆಯಬಹುದು, ಆದರೆ ಸಿಹಿ ಕತ್ತರಿಸಲು ಕೈಗೆ ಚೂರಿ ಮಾತ್ರ ಕೊಡಬಾರದು. ಕೊಟ್ಟು ಕೆಟ್ಟವರಲ್ಲಿ ನಾನೇ ಮೊದಲಿಗ!

ಬಾವ ಎಂದರೆ ಅಕ್ಕನ ಗಂಡ. ಎಪ್ಪತ್ತರ ದಶಕದಲ್ಲಿ ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಪಾಠ ಹೇಳುತ್ತಿದ್ದರು, ಮನೆ ಜೆಪ್ಪುವಿನಲ್ಲಿ. ಯಂತ್ರದ ಭಾಗ ಎಲ್ಲಿ ಮುರಿಯುತ್ತದೆಂದು ಕಂಪ್ಯೂಟರಿನಲ್ಲಿ ತಿಳಿಯಲು ಅದನ್ನು ಇಟ್ಟಿಗೆಯಂಥ ಆರು ಮುಖದ ತುಂಡುಗಳಾಗಿ ವಿಂಗಡಿಸಬೇಕಂತೆ. ಒಂದರ ಮುಖಕ್ಕೆ ಪಕ್ಕದ್ದರ ಮುಖ ಸರಿಯಾಗಿ ಕೂರಬೇಕು. ಹಾಗಾಗಿ ಲೆಕ್ಕ ಸೂಕ್ಷ್ಮವಾಗಲೆಂದು ಒಂದನ್ನು ಸೀಳಿದರೆ ಪಕ್ಕದ್ದನ್ನೂ ಸೀಳಬೇಕು, ಅದರ ಪಕ್ಕದ್ದನ್ನೂ, ಹೀಗೆ ಆಚೆ ಅಂಚಿನವರೆಗೆ! ಉಳಿದವುಗಳ ತಂಟೆಗೆ ಹೋಗದೆ ಬೇಕಾದ ಒಂದನ್ನೇ ಸೀಳುವುದು ಹೇಗೆ? ಬಾವನ ಹನ್ನೆರಡು ವರ್ಷ ಇದರಲ್ಲೇ ಹೋಯಿತು. ಹಂಚಿನ ಕಾರ್ಖಾನೆಯಿಂದ ಜೇಡಿಮಣ್ಣು ತಂದು ಊಟದ ಮೇಜಿನ ಮೇಲೆ ತುಂಡು ಜೋಡಿಸುತ್ತಿದ್ದರು. ನಮಗೆಲ್ಲ ನೆಲದಲ್ಲೇ ಊಟ.

ನನ್ನ ಮಗಳ ನಾಮಕರಣದ ದಿನ ಕಾಯಿ ಬರ್ಫಿಯ ತಟ್ಟೆ ಅವರ ಕೈಗೆ ಕೊಟ್ಟೆ. ಸಕ್ಕರೆ ಕಾಯಿಲೆಯ ದೊಡ್ಡಮ್ಮ, "ನಂಗೆ ಅರ್ಧ ತುಂಡು ಸಾಕು ಮಾರಾಯ್ರೆ" ಎಂದರು. ಬಾವ ಚೂರಿಯನ್ನು ಈ ಅಂಚಿನಿಂದ ಆ ಅಂಚಿಗೆ ಎಳೆದೇಬಿಟ್ಟರು. ಸಾಲಿನ ಎಂಟು ತುಂಡೂ ಅರ್ಧ!

"ಎಂತ ಬಾವ ಇದು? ಅವರೊಬ್ಬರಿಗೆ ಅಲ್ವಾ ಅರ್ಧ?"

"ಒಂದನ್ನೇ ತುಂಡು ಮಾಡ್ಲಿಕ್ಕೆ ದಾರಿ ಉಂಟಾದ್ರೆ ಹೇಳು ಮಾರಾಯ, ನಾಳೆಯೇ ಪೇಪರ್ ಬರೀತೇನೆ."

ಅಕ್ಕ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅವಳು ಎರಡೇ ವರ್ಷ ಇದ್ದಳು.

ಅತ್ತಾವರದ ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕೂತೂ ಬಾವ ಕಾಗದದ ಮೇಲೆ ಚೌಕ ಬರೆಯುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಕ್ಕ ಹೋದ ಮೇಲೆ ಆ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಆರು ತಿಂಗಳು ಕಳೆದು ಬಾವ ಹೇಳಿ ಕಳಿಸಿದರು. ಹೋದರೆ, ಮೇಜಿನ ಮೇಲಿದ್ದ ಮಣ್ಣಿನ ತುಂಡುಗಳಲ್ಲಿ ಒಂದನ್ನು ಬಿಡಿಸಿ ತೋರಿಸಿದರು. ನಡುವೆ ಚಿಕ್ಕದೊಂದು, ಅದರ ಆರು ಬದಿಗೂ ಹೊದಿಸಿದಂತೆ ಒಂದೊಂದು. ಒಂದು ಏಳಾಗಿತ್ತು. ನೆರೆಯ ತುಂಡುಗಳಿಗೆ ಒಂದು ಗೆರೆಯೂ ಬಿದ್ದಿರಲಿಲ್ಲ.

"ಸಿಕ್ಕಿತಲ್ಲ ಬಾವ!"

ಅವರು ತಲೆ ಎತ್ತಲಿಲ್ಲ. "ನಂಗೆ ಸಿಕ್ಕಿದ್ದಲ್ಲ. ನಿನ್ನ ಅಕ್ಕ ಆಸ್ಪತ್ರೆಯಲ್ಲಿ ಹೇಳಿದ್ದು. 'ಅಂಚಿನವರೆಗೆ ಯಾಕೆ ಎಳೀತೀರಿ, ಅದರ ಸುತ್ತಲೇ ಹೊದಿಸಿಬಿಡಿ' ಅಂತ. 'ನಿಂಗೆಂತ ಗೊತ್ತು, ಸುಮ್ನೆ ಮಲಗು' ಅಂದೆ ನಾನು. ಮಲಗಿದ್ಳು." ನಡುವಿನ ಚಿಕ್ಕ ತುಂಡನ್ನು ಮತ್ತೆ ಅದರ ಜಾಗದಲ್ಲಿಟ್ಟು, "'ನೀನು ಹೇಳಿದ್ದೇ ಸರಿ' ಅಂತ ಈಗ ಯಾರಿಗೆ ಹೇಳ್ಲಿ ಮಾರಾಯ?"

"ನಂಗೆ ಹೇಳಿ ಬಾವ" ಎಂದೆ.

ಅವರು ಮೊದಲಿನಿಂದ ಹೇಳತೊಡಗಿದರು. ಅರ್ಧಕ್ಕರ್ಧ ನನಗೆ ತಿಳಿಯಲಿಲ್ಲ. ಅಕ್ಕನ ಪರವಾಗಿ ಕೊನೆಯವರೆಗೂ ಕೇಳಿದೆ.